ಮೊದಲು ಗುಂಪು, ಆಮೇಲೆ ಅಂಕ: ಮೈಸೂರಿನಲ್ಲಿ ಒಂದು ದಿನ ಗುರಿ ಹೊಡೆಯಲು ಹೋಗುವವರಿಗೆ

ದಸರಾ ವಸ್ತುಪ್ರದರ್ಶನದ ಬಲೂನ್ ಅಂಗಡಿಯಲ್ಲಿ ಹತ್ತಕ್ಕೆ ಎಂಟು ಒಡೆದವರೂ ರೇಂಜಿಗೆ ಬಂದ ಮೊದಲ ದಿನ ಪೆಚ್ಚುಮೋರೆ ಹಾಕಿಕೊಳ್ಳುವುದುಂಟು. ಬಲೂನು ದೊಡ್ಡದು, ನಾಲ್ಕೈದು ಹೆಜ್ಜೆ ದೂರ, ಎಲ್ಲಿ ತಗುಲಿದರೂ ಒಡೆಯುತ್ತದೆ. ರೇಂಜಿನಲ್ಲಿ ದೂರ 10 ಮೀಟರ್. ರೈಫಲಿನ ಗುರಿ ಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿ.ಮೀ., ಹೊಡೆಯುವ ಪೆಲೆಟ್ (ಸೀಸದ ಸಣ್ಣ ಗುಂಡು) 4.5 ಮಿ.ಮೀ. ಗುರಿಗಿಂತ ಪೆಲೆಟ್ಟೇ ದಪ್ಪ.

ಆದರೂ ಹೊಸಬರು ಎಡವುವುದು ಕಣ್ಣಿನ ದೋಷದಿಂದಲ್ಲ. ಗುರಿ ಹಿಡಿಯುವುದು ಹತ್ತು ನಿಮಿಷದಲ್ಲಿ ಯಾರಿಗಾದರೂ ಬರುತ್ತದೆ. ಕೆಡಿಸುವುದು ಬೆರಳು, ಕೆಡಿಸುವುದು ಅವಸರ. ಮೊದಲ ಪೆಲೆಟ್ಟಿನಿಂದಲೇ ಅಂಕ ಎಣಿಸಲು ಕೂತರೆ ಇಡೀ ದಿನ ಹಾಳು. ಹಾಗಾಗಿ ದಿನದ ಕ್ರಮ ಹೀಗಿರಲಿ: ಮೊದಲು ಪೆಲೆಟ್ ಇಲ್ಲದೆ ಟ್ರಿಗರ್, ಆಮೇಲೆ ಐದೈದು ಪೆಲೆಟ್ಟಿನ ಗುಂಪು (ಹಾಳೆಯಲ್ಲಿ ತೂತುಗಳು ಒಂದೇ ಕಡೆ ಕೂಡುವುದು), ಗುಂಪು ಕೂಡಿದ ಮೇಲೆ ಗುರಿ ನೋಡುವ ಸೈಟ್ ತಿದ್ದುವುದು, ಅಂಕ ಕಟ್ಟಕಡೆಗೆ.

ಹೊರಡುವ ಮೊದಲು

ಒಂದು ದಿನದ ಖುಷಿಗೆ 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲು ಧಾರಾಳ ಸಾಕು. ಏರ್‌ಗನ್ ಅಂದರೆ ಮಕ್ಕಳಾಟ ಎಂದು ಮೂಗು ಮುರಿಯುವವರಿಗೆ ಒಂದು ಮಾತು: 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ದೂರದಲ್ಲಿ, ಇದೇ ಪೆಲೆಟ್ಟಿನಲ್ಲಿ. 2024ರ ಪ್ಯಾರಿಸಿನಲ್ಲಿ ಮನು ಭಾಕರ್ ಮೊದಲು ಕಂಚು ಪಡೆದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಮದ್ದು ಸಿಡಿಯುವ .22 ಬಂದೂಕಿಗೆ ಪರವಾನಗಿ, ಸದಸ್ಯತ್ವ ಎಲ್ಲ ಬೇಕು. ನಡೆದುಕೊಂಡು ಹೋಗಿ ಹೊಡೆದು ಬರುವ ಬಾಬತ್ತಲ್ಲ.

ಏರ್‌ಗನ್ನಿನ ಕಾನೂನು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. .177, ಅಂದರೆ 4.5 ಮಿ.ಮೀ.ವರೆಗಿನ ನಳಿಗೆ ಮತ್ತು 20 ಜೂಲ್ ಒಳಗಿನ ಶಕ್ತಿ ಇದ್ದರೆ ಪರವಾನಗಿ ಬೇಡ. ಎರಡರಲ್ಲಿ ಒಂದು ಮೀರಿದರೂ ಬೇಕು. ಕೊಡಗಿನ ನೆಂಟರ ಮನೆಯಲ್ಲಿ ಪರವಾನಗಿ ಇಲ್ಲದ ಕೋವಿ ನೋಡಿ ಬಂದವರು ನಮಗೂ ಆದೀತು ಎಂದುಕೊಳ್ಳಬಾರದು. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೆ ಮಾತ್ರ.

ರೇಂಜಿಗೆ ಫೋನ್ ಮಾಡಿದಾಗ ಇಷ್ಟು ಕೇಳಿ: ಹೊಸಬರಿಗೆ ಜೊತೆಯಲ್ಲಿ ನಿಂತು ಹೇಳಿಕೊಡುವವರು ಇರುತ್ತಾರಾ, ದುಡ್ಡು ಗಂಟೆ ಲೆಕ್ಕವೋ ಪೆಲೆಟ್ ಲೆಕ್ಕವೋ, ಹಾಳೆಗೆ ಬೇರೆ ಕೊಡಬೇಕಾ, ಕೊಡುವ ರೈಫಲ್ ಗಾಳಿ ಸಿಲಿಂಡರಿನದೋ ಸ್ಪ್ರಿಂಗಿನದೋ, ಎಡಗೈಯವರಿಗೆ ಏನಾದರೂ ಇದೆಯಾ. ಮೊದಲನೆಯದಕ್ಕೆ ‘ಇಲ್ಲ’ ಎಂದರೆ ಬೇರೆ ರೇಂಜ್ ನೋಡಿಕೊಳ್ಳುವುದು ವಾಸಿ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಹದಿನೆಂಟರ ಒಳಗಿನವರ ಜೊತೆ ಅಪ್ಪನೋ ಅಮ್ಮನೋ ಇರಲಿ. ಮಂಡ್ಯದಿಂದ ಬರುವವರು ಬೆಳಗಿನ ಗಾಡಿ ಹಿಡಿದು ಹತ್ತು ಗಂಟೆಯ ಪಾಳಿ ಕೇಳಿ. ದಸರಾ ದಿನಗಳಲ್ಲಿ ನಗರದೊಳಗಿನ ಟ್ರಾಫಿಕ್ಕಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು.

ಕಾಲಿಗೆ ಅಡಿ ಚಪ್ಪಟೆ ಇರುವ ಬೂಟು. ಹವಾಯಿ ಚಪ್ಪಲಿಯೂ ಬೇಡ, ಮೆತ್ತನೆ ರನ್ನಿಂಗ್ ಶೂ ಕೂಡ ಬೇಡ, ಮೆತ್ತೆಯ ಮೇಲೆ ದೇಹ ತೂಗಾಡುತ್ತದೆ. ತುಂಬುತೋಳಿನ ಹತ್ತಿ ಅಂಗಿ ಇರಲಿ. ಮಾರ್ಚ್‌ನಿಂದ ಮೇವರೆಗೆ ಬೆವರು ಒರೆಸಲು ಒಂದು ಟವೆಲ್. ಸೀರೆ, ದುಪಟ್ಟಾ ಇದ್ದರೆ ಸೆರಗು ಪಿನ್ ಹಾಕಿ ಬಿಗಿ ಮಾಡಿಕೊಳ್ಳಿ. ದೂರ ನೋಡಲು ಕನ್ನಡಕವಿದ್ದರೆ ಅದೇ ಬೇಕು. ಕನ್ನಡಕ ಇಲ್ಲದವರು ರೇಂಜಿನ ರಕ್ಷಣಾ ಕನ್ನಡಕ ಕೇಳಿ ಹಾಕಿಕೊಳ್ಳಿ, ಸೀಸದ ಚೂರು ಗುರಿಯ ಹಿಂದಿನ ತಗಡಿಗೆ ಬಡಿದು ಹಿಂದಕ್ಕೆ ಚಿಮ್ಮುವುದುಂಟು.

ತಿಂಡಿ ಹಗುರಾಗಿರಲಿ, ಎರಡು ಇಡ್ಲಿ ತಿಂದರೆ ಸಾಕು. ಎರಡೆರಡು ಮಸಾಲೆ ದೋಸೆ ಹೊಡೆದು ಬಂದರೆ ಉಸಿರಾಟವೇ ಬಿಗಿ. ಕಾಫಿ ಬಿಡಿ ಎಂದು ಹೇಳುವವರು ಬಹಳ, ಅದನ್ನು ನಾವು ಒಪ್ಪುವುದಿಲ್ಲ. ದಿನಾ ಕುಡಿಯುವವರು ಅಂದು ಬಿಟ್ಟರೆ ತಲೆನೋವು ಬಂದು ಇನ್ನೂ ಕೆಡುತ್ತದೆ. ದಿನದ ಲೋಟ ಕುಡಿಯಿರಿ, ಎರಡನೆಯದು ಬೇಡ.

ಫೈರಿಂಗ್ ಲೈನಿನ ಶಿಸ್ತು

ಇಲ್ಲಿ ರಿಯಾಯಿತಿ ಇಲ್ಲ. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆಗೇ. ತಿರುಗಿ ಗೆಳೆಯರಿಗೆ ‘ನೋಡ್ರೋ’ ಅನ್ನುವಾಗ ದೇಹದ ಜೊತೆ ಬಂದೂಕೂ ತಿರುಗುತ್ತದೆ. ರೇಂಜಿನಲ್ಲಿ ಅತಿ ಹೆಚ್ಚು ಬೈಗುಳ ಬೀಳುವುದು ಈ ಒಂದು ತಪ್ಪಿಗೆ. ಮಾತಾಡಬೇಕಿದ್ದರೆ ಮೊದಲು ಬಂದೂಕನ್ನು ಮೇಜಿನ ಮೇಲಿಡಿ, ಆಮೇಲೆ ತಿರುಗಿ. ಫೋಟೊ, ಸೆಲ್ಫಿಗೂ ಇದೇ ನಿಯಮ. ಸೈಟಿನಲ್ಲಿ ಗುರಿ ಕಾಣುವವರೆಗೆ ಬೆರಳು ಟ್ರಿಗರ್ ಮೇಲೆ ಇರಕೂಡದು, ಹಿಡಿಯ ಪಕ್ಕಕ್ಕೆ ಚಾಚಿರಲಿ.

ಹೊಡೆಯದಿರುವಾಗ ಬ್ರೀಚ್ (ಪೆಲೆಟ್ ಹಾಕುವ ಜಾಗ) ತೆರೆದು ಸೇಫ್ಟಿ ಫ್ಲ್ಯಾಗ್ ಹಾಕಿಡಬೇಕು. ಅದು ನಳಿಗೆಯ ಉದ್ದಕ್ಕೂ ತೂರಿ ತುದಿಯಲ್ಲಿ ಇಣುಕುವ ಬಣ್ಣದ ದಾರ. ತುದಿಯಲ್ಲಿ ದಾರ ಕಂಡರೆ ಒಳಗೆ ಪೆಲೆಟ್ ಇಲ್ಲ ಎಂದು ದೂರದಿಂದಲೇ ಗೊತ್ತಾಗುತ್ತದೆ. ಆಜ್ಞೆಗಳು ನಾಲ್ಕೇ: ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ‘ಸ್ಟಾಪ್’ ಎಂದ ಕೂಡಲೇ, ಟ್ರಿಗರ್ ಅರ್ಧ ಎಳೆದಿದ್ದರೂ, ಬೆರಳು ತೆಗೆಯಬೇಕು. ಕರೆಂಟು ಹೋಗಿ ಹಾಳೆ ತರುವ ಮೋಟಾರು ಮಧ್ಯದಲ್ಲೇ ನಿಂತರೆ, ತಂದುಬಿಡೋಣ ಎಂದು ಲೈನ್ ದಾಟಿ ಹೋಗಬೇಡಿ. ರೇಂಜಿನ ಅಧಿಕಾರಿ ಹೇಳಿ, ಎಲ್ಲರೂ ಬಂದೂಕು ಕೆಳಗಿಟ್ಟ ಮೇಲಷ್ಟೇ.

ಪೆಲೆಟ್ ಸೀಸದ್ದು. ಮುಟ್ಟಿದ ಕೈಯಲ್ಲಿ ಚಕ್ಕುಲಿ, ಕೋಡುಬಳೆ ತಿನ್ನಬೇಡಿ; ಬಾಯಲ್ಲಿ ಪೆಲೆಟ್ ಇಟ್ಟುಕೊಂಡು ಲೋಡ್ ಮಾಡುವ ಹಳೇ ಚಟ ಮಕ್ಕಳಿಗಂತೂ ಕಲಿಸಲೇಬೇಡಿ. ಗರ್ಭಿಣಿಯರು ಒಳಾಂಗಣ ರೇಂಜಿನಿಂದ ದೂರವಿರುವುದು ಕ್ಷೇಮ.

ಯಾವ ಕಣ್ಣು, ಯಾವ ಭುಜ

ಎರಡೂ ಅಂಗೈ ಚಾಚಿ ಹೆಬ್ಬೆರಳು ತೋರುಬೆರಳಿನ ನಡುವೆ ಸಣ್ಣ ಕಿಂಡಿ ಮಾಡಿ. ಎರಡು ಕಣ್ಣೂ ತೆರೆದು ಕಿಂಡಿಯಲ್ಲಿ ಗುರಿ ಹಾಳೆ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಹಾಳೆ ಕಿಂಡಿಯಲ್ಲೇ ಉಳಿಯಿತೋ ಅದೇ ಬಲಿಷ್ಠ ಕಣ್ಣು. ಬಲಗೈಯವರಿಗೆ ಎಡಗಣ್ಣು ಬಲಿಷ್ಠವಾಗಿದ್ದರೆ ರೈಫಲನ್ನು ಎಡಭುಜಕ್ಕೆ ಇಟ್ಟು ನೋಡಿ. ಮೊದಲ ದಿನವಾದ್ದರಿಂದ ಎರಡೂ ಭುಜ ಸಮಾನ ಹೊಸದು, ನಷ್ಟವೇನಿಲ್ಲ. ಇನ್ನೊಂದು ಕಣ್ಣನ್ನು ಕಿರಿದು ಮಾಡಿ ಮುಚ್ಚಬೇಡಿ. ಮುಖ ಬಿಗಿದರೆ ತೆರೆದ ಕಣ್ಣೂ ಬೇಗ ದಣಿಯುತ್ತದೆ. ಕನ್ನಡಕದ ಗಾಜಿನ ಮೇಲೆ ಮೂರು ಸೆಂ.ಮೀ. ಅಗಲದ ಬಿಳಿ ಕಾಗದ ಅಂಟಿಸಿದರೆ ಕೆಲಸ ಆಯಿತು. ಕಪ್ಪು ಕಾಗದ ಬೇಡ, ಒಂದು ಕಣ್ಣಿಗೆ ಕತ್ತಲೆ ಕವಿದರೆ ಇನ್ನೊಂದರ ಪಾಪೆಯೂ ಹಿಗ್ಗುತ್ತದೆ.

ಮೊದಲ ಅರ್ಧ ಗಂಟೆ, ಪೆಲೆಟ್ ಇಲ್ಲದೆ

ಮೇಜಿನ ಮುಂದೆ ಕೂತು, ರೈಫಲಿನ ಮುಂಗಟ್ಟನ್ನು (ನಳಿಗೆಯ ಕೆಳಗಿನ ಹಿಡಿ) ಮರಳುಚೀಲದ ಮೇಲಿಡಿ. ನಳಿಗೆ ಚೀಲಕ್ಕೆ ತಾಗಬಾರದು. ಕೆನ್ನೆಯನ್ನು ಕೆನ್ನೆಹಲಗೆಯ ಮೇಲೆ ಪೂರ್ತಿ ಭಾರ ಬಿಟ್ಟು ಒರಗಿಸಿ. ಪ್ರತಿ ಸಲವೂ ಅದೇ ಜಾಗ, ಅದೇ ಭಾರ. ಹಿಂದಿನ ಸೈಟಿನ ಸಣ್ಣ ತೂತಿನಲ್ಲಿ ನೋಡಿದರೆ ಮುಂದಿನ ಸೈಟಿನ ಉಂಗುರ, ಉಂಗುರದೊಳಗೆ ಹಾಳೆಯ ಕಪ್ಪು ವೃತ್ತ ಕಾಣುತ್ತದೆ. ಕಪ್ಪಿನ ಸುತ್ತ ಬಿಳಿ ಅಂಚು ಎಲ್ಲ ಕಡೆ ಒಂದೇ ಅಗಲ ಇದ್ದರೆ ಗುರಿ ಕೂತಂತೆ. ಬಿಳಿ ಅಂಚು ಕೂದಲೆಳೆಯಷ್ಟು ತೆಳ್ಳಗಿದ್ದರೆ ದೊಡ್ಡ ಉಂಗುರ ಹಾಕಿಸಿಕೊಳ್ಳಿ. ಸಣ್ಣ ಉಂಗುರ ನಿಖರ ಅನ್ನಿಸುತ್ತದೆ, ಆದರೆ ಅಲುಗಾಟ ಕಂಡು ಕೈ ಹೆದರುತ್ತದೆ.

ಸಿಲಿಂಡರ್ ರೈಫಲಿನಲ್ಲಿ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ: ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುತ್ತದೆ. ಇಪ್ಪತ್ತು ಸಲ ಹೀಗೆ ಎಳೆಯಿರಿ. ಸ್ಪರ್ಧಾ ರೈಫಲಿನ ಟ್ರಿಗರ್ ಎಷ್ಟು ಹಗುರ ಎಂದರೆ, ಗೊತ್ತಿಲ್ಲದವರ ಬೆರಳು ತಗುಲಿದ್ದೇ ತಡ ಹಾರಿಬಿಡುತ್ತದೆ. ಅದರಲ್ಲಿ ಎರಡು ಹಂತ. ಮೊದಲು ಸಡಿಲವಾಗಿ ಹಿಂದೆ ಬಂದು ಒಂದು ಕಡೆ ತಡೆಯುತ್ತದೆ, ಅಲ್ಲಿ ನಿಲ್ಲಿಸಿ. ಅಲ್ಲಿಂದ ಮುಂದೆ ಒತ್ತಡ ಒಂದೇ ಸಮ ಏರಬೇಕು. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಮಾತ್ರ ಟ್ರಿಗರಿಗೆ ತಾಗಲಿ, ಬೆರಳಿನ ಉಳಿದ ಭಾಗ ಮರಕ್ಕೆ ಒರೆಯಬಾರದು. ‘ಈಗ ಸರಿಯಾಗಿದೆ, ಹೊಡಿ’ ಎಂದು ಮನಸ್ಸು ಹೇಳಿದ ಕ್ಷಣದಲ್ಲಿ ಬೆರಳು ಜಗ್ಗುತ್ತದಲ್ಲ, ಅದನ್ನು ಬಿಡಿಸುವುದೇ ಈ ಅರ್ಧ ಗಂಟೆಯ ಕೆಲಸ.

ಸ್ಪ್ರಿಂಗ್ ರೈಫಲಿನಲ್ಲಿ ಇದನ್ನು ಮಾಡಲೇಬಾರದು. ಪೆಲೆಟ್ ಇಲ್ಲದೆ ಬಿಟ್ಟರೆ ಪಿಸ್ಟನ್‌ಗೆ ತಡೆಯೊಡ್ಡುವ ಗಾಳಿ ಇರದೆ, ಅದು ಮುಂದಕ್ಕೆ ನೇರ ಬಡಿದು ಸೀಲ್ ಒಡೆಯುತ್ತದೆ. ನಳಿಗೆ ಮಡಿಸಿ ಲೋಡ್ ಮಾಡುವಾಗ ಇನ್ನೊಂದು ಎಚ್ಚರ: ‘ಕಟಕ್’ ಎನ್ನುವವರೆಗೆ ಮಡಿಸಿ, ಆಮೇಲೂ ನಳಿಗೆಯನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದೇ ಪೆಲೆಟ್ ಹಾಕಬೇಕು. ಕೊಂಡಿ ಜಾರಿದರೆ ನಳಿಗೆ ಮೇಲಕ್ಕೆ ಚಿಮ್ಮಿ ಬೆರಳು ಜಜ್ಜಿಹೋಗುತ್ತದೆ. ಈ ಬಂದೂಕು ಒದೆಯುವುದರಿಂದ ಮುಂಗಟ್ಟನ್ನು ಚೀಲದ ಮೇಲೆ ನೇರ ಇಡದೆ, ಚೀಲದ ಮೇಲೆ ಅಂಗೈ ಇಟ್ಟು ಅಂಗೈ ಮೇಲೆ ಸಡಿಲವಾಗಿ ಕೂರಿಸಿ. ಬಿಗಿ ಹಿಡಿದಷ್ಟೂ ಪೆಲೆಟ್ ದಿಕ್ಕು ತಪ್ಪುತ್ತದೆ.

ಐದೈದರ ಗುಂಪು

ಪೆಲೆಟ್ಟಿನ ಚಪ್ಪಟೆ ಮೂತಿ ಮುಂದಕ್ಕೆ, ಟೊಳ್ಳು ಲಂಗ ಹಿಂದಕ್ಕೆ. ಲಂಗ ಸೊಟ್ಟಗಾದ್ದನ್ನು ಬಿಸಾಡಿ, ಒಂದು ಪೆಲೆಟ್ ಉಳಿಸಿ ಒಂದು ಗುಂಪು ಕೆಡಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ. ಮಾತಿನ ಮಧ್ಯೆ ಲೋಡ್ ಮಾಡಿದ್ದೇ ಮರೆತು ಇನ್ನೊಂದು ತುರುಕುವುದು ಬಹಳ ಸಾಮಾನ್ಯ. ಅನುಮಾನ ಬಂದರೆ ಅಥವಾ ಗಾಳಿ ಕಮ್ಮಿಯಾಗಿ ಪೆಲೆಟ್ ನಳಿಗೆಯಲ್ಲೇ ಕೂತರೆ, ಇನ್ನೊಂದು ಹೊಡೆದು ತಳ್ಳಲು ಹೋಗಬೇಡಿ. ಕೈ ಎತ್ತಿ ಅಧಿಕಾರಿಯನ್ನು ಕರೆಯಿರಿ, ಅವರು ಕಡ್ಡಿ ಹಾಕಿ ತೆಗೆಯುತ್ತಾರೆ.

ಉಸಿರು ಎಳೆದು ಅರ್ಧಕ್ಕಿಂತ ಹೆಚ್ಚು ಬಿಡಿ, ಅಲ್ಲಿ ತಡೆಯಿರಿ. ಮೊದಲ ಹಂತ ತೆಗೆದುಕೊಳ್ಳಿ, ಒತ್ತಡ ಏರಿಸುತ್ತಾ ಹೋಗಿ. ಐದರಿಂದ ಎಂಟು ಸೆಕೆಂಡಿನೊಳಗೆ ಹಾರದಿದ್ದರೆ ಬೆರಳು ತೆಗೆದು, ಉಸಿರಾಡಿ, ಮೊದಲಿಂದ ಶುರು ಮಾಡಿ. ಹತ್ತು ಸೆಕೆಂಡ್ ದಾಟಿದ ಮೇಲೆ ಕಣ್ಣಿಗೆ ಹಳೇ ಚಿತ್ರವೇ ಕಾಣುತ್ತಿರುತ್ತದೆ, ಕೈ ಆಗಲೇ ಸರಿದಿರುತ್ತದೆ. ಹೊಡೆಯದೆ ಇಳಿಸುವುದಕ್ಕೆ ನಾಚಬೇಕಾಗಿಲ್ಲ, ಅದು ಬಲ್ಲವರ ಲಕ್ಷಣ. ಟ್ರಿಗರ್ ಬಿಟ್ಟ ಮೇಲೂ ಪೆಲೆಟ್ ಕೆಲವು ಮಿಲಿಸೆಕೆಂಡ್ ನಳಿಗೆಯೊಳಗೇ ಇರುತ್ತದೆ. ಎಲ್ಲಿ ಬಿತ್ತು ಎಂದು ಆಗಲೇ ತಲೆ ಎತ್ತಿದರೆ ನಳಿಗೆಯೂ ಜೊತೆಗೇ ಎದ್ದಿರುತ್ತದೆ. ಸದ್ದಾದ ಮೇಲೆ ಎರಡು ಸೆಕೆಂಡ್ ಹಾಗೇ ಉಂಗುರದೊಳಗೇ ನೋಡುತ್ತಿರಿ.

ಒಂದು ಹಾಳೆಗೆ ಐದು ಪೆಲೆಟ್, ಹೀಗೆ ಆರು ಹಾಳೆ. ಮಧ್ಯೆ ಸೈಟ್ ಮುಟ್ಟಬೇಡಿ, ಎಲ್ಲಿ ಬಿದ್ದರೂ ಬೀಳಲಿ. ಅಳೆಯುವುದು ಹೀಗೆ: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಸ್ಕೇಲಿಟ್ಟು, ಬಂದದ್ದರಲ್ಲಿ 4.5 ಮಿ.ಮೀ. ಕಳೆಯಿರಿ. ಉಳಿದದ್ದು ಗುಂಪಿನ ಅಗಲ. ಕೊನೆಯ ಮೂರು ಹಾಳೆಗಳ ಗುಂಪು ಹೆಚ್ಚುಕಡಿಮೆ ಒಂದೇ ಅಳತೆಗೆ, ಒಂದೇ ಜಾಗಕ್ಕೆ ಬಂದರೆ ಮುಂದಿನ ಹೆಜ್ಜೆ.

ಗುಂಪಿನ ಆಕಾರವೇ ಕಾಯಿಲೆ ಹೇಳುತ್ತದೆ. ಮೇಲೆ ಕೆಳಗೆ ಉದ್ದಕ್ಕೆ ಸಾಲಾದರೆ ಉಸಿರನ್ನು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ತಡೆಯುತ್ತಿದ್ದೀರಿ. ಅಡ್ಡಕ್ಕೆ ಹರಡಿದರೆ ದೇಹ ಗುರಿಯ ನೇರಕ್ಕಿಲ್ಲ, ಕೈಯಿಂದ ಎಳೆದು ಹಿಡಿಯುತ್ತಿದ್ದೀರಿ. ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಎಂದು ಎರಡು ಗುಂಪಾದರೆ ಮಧ್ಯದಲ್ಲಿ ಕೆನ್ನೆ ಎತ್ತಿ ಬೇರೆ ಜಾಗದಲ್ಲಿ ಇಟ್ಟಿದ್ದೀರಿ. ಹಾಳೆಯಿಂದ ಹಾಳೆಗೆ ಗುಂಪು ಕೆಳಗಿಳಿಯುತ್ತಾ ಹೋದರೆ ಸಿಲಿಂಡರಿನ ಗಾಳಿ ಒತ್ತಡ ತೋರಿಸುವ ಮುಳ್ಳು ನೋಡಿ. ತುಂಬಿದಾಗ 200 ಬಾರ್ ಇರುತ್ತದೆ, ಹಸಿರು ಪಟ್ಟಿಯಿಂದ ಇಳಿದರೆ ಪೆಲೆಟ್ ವೇಗ ಕುಸಿಯುತ್ತದೆ. ತುಂಬಿಸುವುದು ರೇಂಜಿನವರ ಕೆಲಸ.

ಸೈಟ್ ತಿದ್ದುವುದು

ಹೊಸಬರು ಒಂದು ಪೆಲೆಟ್ ಎಡಕ್ಕೆ ಬಿದ್ದ ತಕ್ಷಣ ಸೈಟ್ ತಿರುಗಿಸುತ್ತಾರೆ, ಇನ್ನೊಂದು ಬಲಕ್ಕೆ ಬಿದ್ದರೆ ವಾಪಸ್. ಬೆರಳಿನ ತಪ್ಪಿಗೆ ಸೈಟಿಗೆ ಶಿಕ್ಷೆ. ಐದರ ಗುಂಪಿನ ನಡುಬಿಂದು ನೋಡಿ ಮಾತ್ರ ತಿದ್ದಬೇಕು.

ಹಿಂದಿನ ಸೈಟ್ ಯಾವ ಕಡೆ ಸರಿಯುತ್ತದೋ ಪೆಲೆಟ್ ಆ ಕಡೆ ಸರಿಯುತ್ತದೆ. ಗೊಂದಲ ಹುಟ್ಟುವುದು ತಿರುಪಿನ ಮೇಲಿನ ಅಕ್ಷರಗಳಿಂದ. ಜರ್ಮನ್ ರೈಫಲುಗಳಲ್ಲಿ ‘ಎಚ್’ ಎಂದರೆ ಮೇಲೆ, ‘ಟಿ’ ಎಂದರೆ ಕೆಳಗೆ. ಆದರೆ ಹಲವು ಸೈಟುಗಳಲ್ಲಿ ಅದರ ಅರ್ಥ ‘ಮೇಲೆ ಬಿದ್ದಿದ್ದರೆ ಈ ಕಡೆ ತಿರುಗಿಸು’ ಎಂದು, ‘ಮೇಲಕ್ಕೆ ಒಯ್ಯಲು’ ಎಂದಲ್ಲ. ಅದಕ್ಕೇ ನಂಬುವ ಬದಲು ಅಳೆಯಿರಿ: ಒಂದು ಕಡೆಗೆ 10 ಕ್ಲಿಕ್ ತಿರುಗಿಸಿ, ಐದು ಪೆಲೆಟ್ ಹೊಡೆದು, ಗುಂಪಿನ ನಡು ಎಷ್ಟು ಸರಿಯಿತು ನೋಡಿ. 5 ಮಿ.ಮೀ. ಸರಿದಿದ್ದರೆ ಕ್ಲಿಕ್ಕಿಗೆ ಅರ್ಧ ಮಿ.ಮೀ. ಗುಂಪು ಇನ್ನೂ 6 ಮಿ.ಮೀ. ಎಡಕ್ಕಿದ್ದರೆ ಬಲಕ್ಕೆ 12 ಕ್ಲಿಕ್. ಹತ್ತು ಹದಿನೈದು ಪೆಲೆಟ್ಟಿನಲ್ಲಿ ಮುಗಿಯುವ ಕೆಲಸ.

ಈಗ ಬೇಕಾದರೆ ಎದ್ದು ನಿಲ್ಲಿ. (ಬಲಗೈಯವರಿಗೆ ಹೇಳುತ್ತಿದ್ದೇವೆ, ಎಡಗೈಯವರು ತಿರುಗಿಸಿಕೊಳ್ಳಿ.) ಎಡಭುಜ ಗುರಿಯ ಕಡೆಗೆ, ಪಾದಗಳ ನಡುವೆ ಭುಜದಗಲ, ಎಡ ಮೊಣಕೈ ಸೊಂಟದ ಮೂಳೆಯ ಮೇಲೆ. ರೈಫಲಿನ ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರಬೇಕು, ರಟ್ಟೆಯ ಬಲದಿಂದ ಎತ್ತಿ ಹಿಡಿಯುವುದಲ್ಲ. ಕಣ್ಣು ಮುಚ್ಚಿ ಎರಡು ಉಸಿರು ತೆಗೆದು ತೆರೆಯಿರಿ. ಉಂಗುರ ಗುರಿಯ ಬಲಕ್ಕೋ ಎಡಕ್ಕೋ ಇದ್ದರೆ ಕೈಯಿಂದ ತಿದ್ದದೆ ಹಿಂದಿನ ಪಾದ ಸ್ವಲ್ಪ ಸರಿಸಿ. ಕೂತಾಗ ರೂಪಾಯಿ ನಾಣ್ಯದಷ್ಟಿದ್ದ ಗುಂಪು ನಿಂತಾಗ ಕಾಫಿ ಬಟ್ಟಲಿನಷ್ಟಾದರೆ ಗಾಬರಿ ಬೇಡ. ಸ್ಪರ್ಧಿಗಳು ದಪ್ಪ ಜಾಕೆಟ್ ಹಾಕಿ ನಿಲ್ಲುವುದು ಸುಮ್ಮನೆ ಅಲ್ಲ.

ಪಿಸ್ತೂಲಿಗೆ ಇಪ್ಪತ್ತು ಪೆಲೆಟ್

ಹದಿನೈದು ನಿಮಿಷ ಬಿಡುವು ಕೊಟ್ಟು ಪಿಸ್ತೂಲು ಹಿಡಿಯಿರಿ. ಹಾಳೆ ದೊಡ್ಡದು: ಹತ್ತರ ವೃತ್ತ 11.5 ಮಿ.ಮೀ., ಕಪ್ಪು 59.5 ಮಿ.ಮೀ. ನೋಡಿದರೆ ಸುಲಭ ಅನ್ನಿಸುತ್ತದೆ, ಆದರೆ ಒಂದೇ ಕೈ, ಆಸರೆ ಇಲ್ಲ. ಬಲಗಾಲು ಮುಂದೆ, ಎಡಗೈ ಜೇಬಿನಲ್ಲಿ, ಮಣಿಕಟ್ಟು ಬಿಗಿ.

ಇಲ್ಲಿ ಒಂದೇ ಲೆಕ್ಕ ತಲೆಯಲ್ಲಿರಲಿ. ಎರಡು ಸೈಟುಗಳ ನಡುವಿನ ಅಂತರ ಸುಮಾರು 36 ಸೆಂ.ಮೀ. ತೋಳು ಇಡಿಯಾಗಿ 5 ಮಿ.ಮೀ. ಪಕ್ಕಕ್ಕೆ ತೂಗಿದರೆ ಹಾಳೆಯ ಮೇಲೆ ತಪ್ಪೂ 5 ಮಿ.ಮೀ. ಮಾತ್ರ. ಆದರೆ ಮುಂದಿನ ಸೈಟ್ ಹಿಂದಿನ ಕಚ್ಚಿನ ಮಧ್ಯದಿಂದ ಒಂದೇ ಒಂದು ಮಿ.ಮೀ. ಸರಿದರೆ 10 ಮೀಟರಿನಲ್ಲಿ ಸುಮಾರು 28 ಮಿ.ಮೀ. ತಪ್ಪು, ಅಂದರೆ ಮೂರೂವರೆ ಅಂಕ. ಹಾಗಾಗಿ ಕಣ್ಣಿನ ನೋಟ ಮುಂದಿನ ಸೈಟಿನ ಮೇಲೇ ನೆಟ್ಟಿರಬೇಕು. ಹಾಳೆಯ ಕಪ್ಪು ಮಸುಕಾಗಿ ಕಾಣಬೇಕು. ಕಪ್ಪು ಚೊಕ್ಕವಾಗಿ ಕಾಣುತ್ತಿದೆ ಎಂದರೆ ತಪ್ಪಾಗಿ ನೋಡುತ್ತಿದ್ದೀರಿ. ಗುರಿ ಹಿಡಿಯುವುದೂ ಕಪ್ಪಿನ ನಡುವಿಗಲ್ಲ, ಅದರ ಕೆಳಗಿನ ಬಿಳಿಯಲ್ಲಿ. ಸೈಟನ್ನು ಅದಕ್ಕೆ ತಕ್ಕಂತೆ ಕೂರಿಸಿರುತ್ತಾರೆ.

ಪೆಲೆಟ್ಟುಗಳು ಕೆಳಗೆ ಎಡಕ್ಕೆ ಹೋಗುತ್ತಿದ್ದರೆ ಟ್ರಿಗರ್ ಜೊತೆ ಇಡೀ ಮುಷ್ಟಿ ಹಿಂಡುತ್ತಿದೆ. ನೆಟ್ಟಗೆ ಕೆಳಕ್ಕೆ ಹೋದರೆ ಸದ್ದು ಬರುವ ಮುಂಚೆಯೇ ಮಣಿಕಟ್ಟು ಬಗ್ಗುತ್ತಿದೆ. ಪರೀಕ್ಷೆ ಮಾಡಬೇಕಾದರೆ ಗೆಳೆಯರಿಂದ ಲೋಡ್ ಮಾಡಿಸಿಕೊಳ್ಳಿ, ಅವರು ಕೆಲವು ಸಲ ನಿಮಗೆ ಹೇಳದೆ ಪೆಲೆಟ್ ಹಾಕದೇ ಕೊಡಲಿ. ಖಾಲಿ ಪಿಸ್ತೂಲಿನ ತುದಿ ಕೆಳಕ್ಕೆ ಕುಕ್ಕುವುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಗಾಳಿ ಸಿಲಿಂಡರಿನ ಪಿಸ್ತೂಲಿಗೆ ಮಾತ್ರ ಈ ಆಟ.

ಕೊನೆಗೆ ಅಂಕ

ಊಟಕ್ಕೆ ಮುಂಚೆ, ದಣಿವು ಏರುವ ಮುಂಚೆ, ಯಾವುದರಲ್ಲಿ ಕೈ ಕೂತಿದೆಯೋ ಅದರಲ್ಲಿ ಇಪ್ಪತ್ತು ಪೆಲೆಟ್. ಸ್ಪರ್ಧೆಯಲ್ಲಿ 60 ಪೆಲೆಟ್, ಎಲೆಕ್ಟ್ರಾನಿಕ್ ಗುರಿಯಿದ್ದರೆ 75 ನಿಮಿಷ. ಆ ಲೆಕ್ಕದಲ್ಲಿ ನಿಮ್ಮ ಇಪ್ಪತ್ತಕ್ಕೆ 25 ನಿಮಿಷ, ಅವಸರವೇ ಬೇಕಿಲ್ಲ. ತೂತು ಗೆರೆಗೆ ತಾಗಿದ್ದರೆ ಹೆಚ್ಚಿನ ಅಂಕ ನಿಮ್ಮದು. ಜಗಳ ಬಂದರೆ ಕಣ್ಣಳತೆಯಲ್ಲಿ ಪಂಚಾಯಿತಿ ಮಾಡದೆ ತೂತು ಅಳೆಯುವ ಗೇಜ್ ಕೇಳಿ. ಎಲೆಕ್ಟ್ರಾನಿಕ್ ಪರದೆಯಲ್ಲಿ 10.9 ಎಂದರೆ ನಟ್ಟನಡುವೆ, ಅದಕ್ಕಿಂತ ಮೇಲಿಲ್ಲ.

ಎಲ್ಲ ಸೇರಿ ತೊಂಬತ್ತು ನೂರು ಪೆಲೆಟ್ ದಾಟಬೇಡಿ. ಟಿನ್ನಿನಲ್ಲಿ 500 ಇದೆಯಲ್ಲ ಎಂದು ಮುಂದುವರಿಸಿದರೆ ಬೆಳಗ್ಗೆ ಬಿಡಿಸಿದ ಜಗ್ಗುವ ಚಟ ಸುಸ್ತಾದ ಬೆರಳಿಗೆ ಮತ್ತೆ ಹತ್ತುತ್ತದೆ. ಹಾಳೆಗಳ ಮೂಲೆಯಲ್ಲಿ ತಾರೀಖು, ಬಂದೂಕು, ಕೂತದ್ದೋ ನಿಂತದ್ದೋ, ಕೊನೆಗೆ ಸೈಟ್ ಎಷ್ಟು ಕ್ಲಿಕ್ಕಿನಲ್ಲಿ ನಿಂತಿತು, ಇಷ್ಟು ಬರೆದಿಡಿ. ಬ್ರೀಚ್ ತೆರೆದು ಫ್ಲ್ಯಾಗ್ ಹಾಕಿ ಒಪ್ಪಿಸಿ, ಸೋಪು ತಣ್ಣೀರಿನಲ್ಲಿ ಕೈ ಮುಖ ತೊಳೆದು ಮೊಸರನ್ನಕ್ಕೆ ಕೈ ಹಾಕಿ.

ಖುಷಿಯಾಗಿ ಸ್ವಂತ ಏರ್‌ಗನ್ ಕೊಳ್ಳುವವರು ಬಿಲ್ ಜೋಪಾನವಾಗಿಟ್ಟುಕೊಳ್ಳಿ, ಚೀಲದೊಳಗೆ ಖಾಲಿ ಬಂದೂಕನ್ನೇ ಒಯ್ಯಿರಿ, ಸಿಲಿಂಡರನ್ನು ಬಿಸಿಲಿನ ಕಾರಿನಲ್ಲಿ ಬಿಡಬೇಡಿ. ಅದರ ಮೇಲೆ ಅಚ್ಚಾದ ತಾರೀಖಿನಿಂದ ಹತ್ತು ವರ್ಷಕ್ಕೆ ಆಯುಸ್ಸು ಮುಗಿಯಿತು. ಮನೆ ತಾರಸಿಯ ಮೇಲೆ ಹೊಡೆಯುವುದು ಬೇಡ, ಗುರಿ ತಪ್ಪಿದ ಪೆಲೆಟ್ ನೂರು ಮೀಟರಿನಾಚೆಗೂ ಹೋಗುತ್ತದೆ. ಕುಕ್ಕರಹಳ್ಳಿ ಕೆರೆಯ ಕೊಕ್ಕರೆಗೋ ಗದ್ದೆ ಬಯಲಿನ ನವಿಲಿಗೋ ಗುರಿ ಇಟ್ಟರೆ ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಏರ್‌ಗನ್ನಿಗೆ ಪರವಾನಗಿ ಬೇಡ ಎಂಬ ವಾದ ಅಲ್ಲಿ ನಡೆಯುವುದಿಲ್ಲ.